ಸ್ಕ್ರೀನ್ ಆಫ್ ಆದಾಗಲೆಲ್ಲ ಹರಿತಾ

ಹರಿತಾ ಬಂದಳು ಅಂತ ತಿಳಿಯಲು ಜ್ಯೋತಿಲಕ್ಷ್ಮಿಗೆ ಕಣ್ಣು ಬೇಕಿರಲಿಲ್ಲ, ಮೂಗೇ ಸಾಕಿತ್ತು.

ಗೇಟಿನ ಹತ್ತಿರ ಸ್ಕೂಟಿ ನಿಂತಿತು. ಅದರ ಹಿಂದೆಯೇ ಸೆಂಟಿನ ಘಮ ಅಂಗಳಕ್ಕೆ ನುಗ್ಗಿತು. ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ಜ್ಯೋತಿ ಕೈಲಿದ್ದ ಕತ್ತಿ ಕೆಳಗಿಟ್ಟು, ದುಪಟ್ಟಾ ಸೊಂಟಕ್ಕೆ ಬಿಗಿದು ಎದ್ದು ಬಂದಳು.

"ಅಲ್ಲೇ ನಿಂತ್ಕೊಳ್ರೀ. ಇದು ಹುಳ ಸಾಕೋ ಜಾಗ. ಸೆಂಟು, ಊದುಬತ್ತಿ, ಮಲ್ಲಿಗೆ ಹೂವು, ಒಂದೂ ಆಗಲ್ಲ. ಮರಿ ಹುಳ ತಡ್ಕೊಳ್ಳಲ್ಲ."

"ಅಯ್ಯೋ, ಸಾರಿ ರೀ! ಉದಯ್ ಹೇಳ್ಲೇ ಇಲ್ಲ ನೋಡಿ," ಅಂದಳು ಬಂದವಳು. ಹೆಗಲಲ್ಲಿ ಬ್ಯಾಗು, ಕಿವಿಯಲ್ಲಿ ದೊಡ್ಡ ರಿಂಗು, ಮುಖದ ತುಂಬ ನಗು. "ನಾನು ಹರಿತಾ. ಚಿಂತಾಮಣೀಲಿ ಕಂಪ್ಯೂಟರ್ ಅಂಗಡಿ ಇದೆ. ನಿಮ್ಮ ಆಫೀಸಿನ ಸ್ಕ್ರೀನ್ ಆಫ್ ಆಗ್ತಿದೆಯಂತಲ್ಲ?"

ಉದಯ್ ಹೇಳಲೇ ಇಲ್ಲವಂತೆ. ಉದಯಕುಮಾರ್ ಅಲ್ಲ, ಉದಯ್! ಆಫೀಸ್ ರೂಮಿನ ಬಾಗಿಲು ಬೇರೆ, ಹುಳದ ಮನೆ ಬೇರೆ, ನಡುವೆ ಅಂಗಳವಿದೆ. ಸೆಂಟು ಅಷ್ಟು ದೂರ ಹೋಗಿ ಹುಳುಗಳಿಗೆ ತೊಂದರೆ ಕೊಡುತ್ತಿರಲಿಲ್ಲ ಅಂತ ಅವಳಿಗೂ ಗೊತ್ತಿತ್ತು. ಆದರೂ ಹೊರಗಿನ ನಲ್ಲಿ ತೋರಿಸಿ, ಕುತ್ತಿಗೆ, ಕೈ ಎಲ್ಲ ಸೋಪು ಹಾಕಿ ತೊಳೆಸಿಯೇ ಒಳಗೆ ಬಿಟ್ಟಳು.

ಸಾದಲಿಯಿಂದ ಆಚೆಗೆ, ರಸ್ತೆ ಪಕ್ಕದಲ್ಲಿ ಜ್ಯೋತಿಯ ಅಪ್ಪ ವೆಂಕಟರಾಮಪ್ಪನವರ ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆ ತರಿಸಿ, ಮರಿ ಮಾಡಿಸಿ, ಎಳೆಯ ಹುಳುಗಳನ್ನು ಎರಡನೇ ಜ್ವರ ಮುಗಿಯುವವರೆಗೆ ಸಾಕಿ ಸುತ್ತಲಿನ ರೈತರಿಗೆ ಕೊಡುತ್ತಾರೆ. ಹುಳು ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತು ಪೊರೆ ಬಿಡುವುದಕ್ಕೆ ಇಲ್ಲಿನವರು ಜ್ವರಕ್ಕೆ ಕೂರುವುದು ಅಂತಾರೆ. ಹುಳದ ಮನೆ ಜ್ಯೋತಿಯ ರಾಜ್ಯ. ಆಫೀಸ್ ರೂಮಿನಲ್ಲಿ ಕೂತು ರೈತರ ಬುಕಿಂಗ್ ನೋಡಿಕೊಳ್ಳುವವನು ಉದಯಕುಮಾರ್, ಮುರುಗಮಲ್ಲದ ಕಡೆಯವನು. ಸಂಬಳಕ್ಕೆ ಸೇರಿ ಒಂದೆರಡು ವರ್ಷ ಆಗಿರಬಹುದು.

ಅವನು ಮೆಲುಮಾತಿನವನು. ಸಿಟ್ಟು ಮಾಡಿಕೊಂಡು ಬಂದ ರೈತ ಕೂಡ ಅವನ ಎದುರು ಕೂತು ಎದ್ದು ಹೋಗುವಾಗ ಅವನ ಮನೆಯವರ ಯೋಗಕ್ಷೇಮ ಕೇಳಿ ಹೋಗುತ್ತಿದ್ದ. ಜ್ಯೋತಿಯನ್ನು ಕಂಡರೆ ಕುರ್ಚಿಯಿಂದ ಅರ್ಧ ಏಳುತ್ತಿದ್ದ, "ಹೇಳಿ ಮೇಡಂ" ಅನ್ನುತ್ತಿದ್ದ, ಕಣ್ಣು ಎತ್ತಿ ಒಂದು ಸಲ ನೋಡಿ ಮತ್ತೆ ಕೀಬೋರ್ಡಿಗೆ ಇಳಿಸುತ್ತಿದ್ದ. ಆ ಒಂದು ಸಲಕ್ಕೋಸ್ಕರ ಜ್ಯೋತಿ ದಿನಕ್ಕೆ ಎಷ್ಟೋ ಸಲ ಕಾರಣವಿಲ್ಲದೆ ಆಫೀಸಿಗೆ ಹೋಗುತ್ತಿದ್ದಳು. ಯಾರಾದರೂ ಕೇಳಿದ್ದರೆ ಥರ್ಮಾಮೀಟರ್ ಹುಡುಕುತ್ತಿದ್ದೆ ಅನ್ನುತ್ತಿದ್ದಳು.

ಅಂಥವನು ಇವತ್ತು ಕಿಟಕಿಯ ಆಚೆ ಹಲ್ಲು ಬಿಟ್ಟು ನಗುತ್ತಿದ್ದ!

"ಏನೇ ಹರಿತಾ, ಬದಲಾಗೇ ಇಲ್ವಲ್ಲ ನೀನು?"

"ನೀನೇನೋ ಬದಲಾಗಿರೋದು? ಸ್ವಲ್ಪ ಹೊಟ್ಟೆ ಬಂದಿದೆ ಅಷ್ಟೇ. ಸರಿ, ಏನಾಗ್ತಿದೆ ಹೇಳು."

"ಇದ್ದಕ್ಕಿದ್ದಂಗೆ 'ನೋ ಸಿಗ್ನಲ್' ಅಂತ ಬರುತ್ತೆ. ಆಮೇಲೆ 'ಪವರ್ ಸೇವಿಂಗ್ ಮೋಡ್' ಅಂತ ತೋರ್ಸಿ ಕತ್ತಲಾಗುತ್ತೆ. ಮೌಸ್ ಅಲ್ಲಾಡಿಸಿದ್ರೂ ಬರಲ್ಲ, ಕೀ ಒತ್ತಿದ್ರೂ ಬರಲ್ಲ. ಸಿಪಿಯು ಮಾತ್ರ ಓಡ್ತಾನೇ ಇರುತ್ತೆ."

ಹರಿತಾ ಎಲ್ಲ ವೈರು ಬಿಚ್ಚಿದಳು, ಧೂಳು ಹೊಡೆದಳು, ಮತ್ತೆ ಸಿಕ್ಕಿಸಿದಳು. ಸ್ಕ್ರೀನ್ ಹತ್ತಿತು. ಸೆಟ್ಟಿಂಗಿಗೆ ಹೋಗಿ ಸ್ಕ್ರೀನ್ ಎಷ್ಟು ಹೊತ್ತಿಗೆ ಆಫ್ ಆಗಬೇಕು ಅನ್ನುವಲ್ಲಿ 'ನೆವರ್' ಅಂತ ಇಟ್ಟಳು. ಆಮೇಲೂ ಇಬ್ಬರೂ ಬಹಳ ಹೊತ್ತು ಮಾತಾಡುತ್ತ, ತಲೆಗೆ ತಲೆ ತಾಗುವಷ್ಟು ಹತ್ತಿರ ಕೂತು ನಗುತ್ತಿದ್ದರು. ನನಗೆ ಮೇಡಂ, ಅವಳಿಗೆ ನೀನು, ಅಂತ ಜ್ಯೋತಿ ಮನಸ್ಸಿನಲ್ಲೇ ಗೊಣಗಿದಳು. ಆ ದಿನ ಹೆಚ್ಚಿದ ಸೊಪ್ಪು ಪುಡಿಪುಡಿಯಾಗಿತ್ತು. ಮರಿ ಹುಳುಗಳಿಗೇನೋ ಅದು ಒಳ್ಳೆಯದೇ ಆಯಿತು.

ಇಲ್ಲಿ ಇರುವೆಗಳ ವಿಷಯ ಹೇಳಬೇಕು. ಇದು ಹರಿತಾ ಬರುವುದಕ್ಕಿಂತ ಸ್ವಲ್ಪ ದಿನ ಮುಂಚಿನ ಮಾತು.

ಉದಯಕುಮಾರನಿಗೆ ಕೆಲಸ ಮಾಡುತ್ತ ಕಡಲೆಕಾಯಿ ಚಿಕ್ಕಿ ಕಡಿಯುವ ಚಾಳಿ. ಅದರ ಪುಡಿಗೆ ಕೆಂಜಿರುವೆ ಟೇಬಲ್ಲಿಗೆ ಹತ್ತಿ, ಒಂದು ದಿನ ಅವನ ಕೈ ಕಚ್ಚಿ, ಬೆರಳು ಬದನೆಕಾಯಿ ಹಾಗೆ ಊದಿಕೊಂಡವು. ಬೇರೆ ಕಡೆಯಾಗಿದ್ದರೆ ಇರುವೆ ಪುಡಿ ಉದುರಿಸುತ್ತಿದ್ದರು. ಚಾಕಿ ಕೇಂದ್ರದಲ್ಲಿ ಆ ಮಾತೇ ಇಲ್ಲ. ಇರುವೆ ಕೊಲ್ಲುವ ಔಷಧಿ ರೇಷ್ಮೆ ಹುಳುವನ್ನೂ ಉಳಿಸುವುದಿಲ್ಲ. ಹುಳದ ತಟ್ಟೆ ಜೋಡಿಸುವ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸುವುದೇ ಇಲ್ಲಿ ತಲೆತಲಾಂತರದ ಉಪಾಯ.

ಮಾರನೇ ದಿನ ಅವನು ಬರುವ ಮೊದಲೇ ಆಫೀಸಿನ ಟೇಬಲ್ಲಿನ ನಾಲ್ಕು ಕಾಲುಗಳೂ ನೀರಿನ ಬಟ್ಟಲಲ್ಲಿ ನಿಂತಿದ್ದವು. ಸಿಪಿಯು ಪಕ್ಕದ ಸ್ಟೂಲಿನ ಮೇಲೆ ಇದ್ದದ್ದು ಹಾಗೇ ಇತ್ತು. ಇದು ಜ್ಯೋತಿಯ ಅಜ್ಜಿಯ ಕೆಲಸ ಅಂದುಕೊಂಡ ಉದಯ, ಅಜ್ಜಿ ಚಿಕ್ಕವೆಂಕಟಮ್ಮನಿಗೆ ಎರಡು ಚಿಕ್ಕಿ ಕೊಟ್ಟು ಕೈಮುಗಿದ. ಯಾಕೆ ಕೊಟ್ಟ ಅಂತ ಗೊತ್ತಾಗದಿದ್ದರೂ ಬೊಚ್ಚು ಬಾಯಿಯ ಅಜ್ಜಿ ಅದನ್ನು ಚೀಪಿಕೊಂಡು ಸುಮ್ಮನಾಯಿತು. ಜ್ಯೋತಿಯೂ ಸುಮ್ಮನಿದ್ದಳು. ಯಜಮಾನರ ಮಗಳು ಗುಮಾಸ್ತನ ಟೇಬಲ್ ಕೆಳಗೆ ಮಂಡಿಯೂರಿ ನೀರು ಹಾಕಿದಳು ಅಂದರೆ ಊರು ಸುಮ್ಮನಿರುತ್ತಿತ್ತೇ?

ಬಟ್ಟಲಿನ ನೀರಿಗೆ ಧೂಳು ಕಟ್ಟಿದರೆ ಇರುವೆ ಅದರ ಮೇಲೆಯೇ ನಡೆದು ಹತ್ತುತ್ತವೆ. ಆದ್ದರಿಂದ ಆಗಾಗ, ಬೆಳಿಗ್ಗೆ ಬೇಗ, ಟೇಬಲ್ಲನ್ನು ಮೊಣಕಾಲಿನಿಂದ ಒಂದೊಂದು ಕಡೆ ಎತ್ತಿ ಹಿಡಿದು, ಬಟ್ಟಲು ಎಳೆದು, ಹೊಸ ನೀರು ತುಂಬುತ್ತಿದ್ದಳು. ಸುಮಾರು ಭಾರದ ಟೇಬಲ್ಲು. ಮೊಣಕಾಲು ಕೆಂಪಾಗುತ್ತಿತ್ತು. ಆ ಕೆಂಪನ್ನು ನೋಡಿಕೊಂಡು ಒಳಗೊಳಗೇ ಖುಷಿ ಪಡುವಷ್ಟು ಹುಚ್ಚು ಹಿಡಿದಿತ್ತು ಹುಡುಗಿಗೆ.

ಹರಿತಾ ಬಂದು ಹೋದ ಸ್ವಲ್ಪ ದಿನಕ್ಕೆ ಜ್ಯೋತಿ ನೀರು ಬದಲಾಯಿಸಿದಳು. ಅವತ್ತೇ ಸ್ಕ್ರೀನ್ ಮತ್ತೆ ಕತ್ತಲಾಯಿತು. ಸ್ಕೂಟಿ ಮತ್ತೆ ಬಂತು.

ಈ ಸಲ ಸೆಂಟು ಇರಲಿಲ್ಲ. ಅದೇ ಜ್ಯೋತಿಗೆ ಇನ್ನೂ ಉರಿಯಿತು. ಉದಯ ಫೋನಿನಲ್ಲಿ ಮೊದಲೇ ಹೇಳಿರಬೇಕು, ಅಂದರೆ ಫೋನಿನಲ್ಲಿ ಇವರು ಇಷ್ಟೆಲ್ಲ ಮಾತಾಡುತ್ತಾರೆ! ಹರಿತಾ ಡ್ರೈವರ್ ಅಪ್‌ಡೇಟ್ ಮಾಡಿದಳು, ಮತ್ತೆ ವೈರು ಬಿಚ್ಚಿ ಸಿಕ್ಕಿಸಿದಳು, ಸ್ಕ್ರೀನ್ ಬಂತು. ಹೋಗುವಾಗ ಉದಯ ಗೇಟಿನವರೆಗೆ ಬಂದು ಕಳಿಸಿದ. ಹರಿತಾ ಸ್ಕೂಟಿ ತಿರುಗಿಸುತ್ತ ಏನೋ ಅಂದಳು, ಅವನು ನಾಚಿಕೊಂಡು ತಲೆ ಕೆರೆದುಕೊಂಡ.

ತಲೆ ಕೆರೆದುಕೊಂಡ! ಜ್ಯೋತಿಗೆ ಆ ರಾತ್ರಿ ಅನ್ನ ಸೇರಲಿಲ್ಲ.

ಮಾರನೆಯ ದಿನ ಉದಯ ಅಜ್ಜಿಯ ಹತ್ತಿರ ಹೇಳುತ್ತಿದ್ದದ್ದು ಅವಳ ಕಿವಿಗೆ ಬಿತ್ತು. "ಅಜ್ಜಿ, ಮುಂದಿನ ತಿಂಗಳಿಂದ ನಾನು ಇರಲ್ಲ. ಚಿಂತಾಮಣಿಗೆ ಹೋಗ್ತೀನಿ. ಹರಿತಾ ಅಂಗಡೀಲಿ ಕೂತ್ಕೊಳ್ಳೋಕೆ ಕರೀತಿದಾಳೆ. ಪಾರ್ಟ್ನರ್ ಮಾಡ್ಕೋತೀನಿ ಅಂದಿದಾಳೆ."

"ಪಾರ್ಟ್ನರ್ ಅಂದ್ರೆ ಏನಪ್ಪಾ?" ಅಜ್ಜಿ ಕೇಳಿತು.

"ಜೊತೆಗಾರ ಅಜ್ಜಿ."

ಜ್ಯೋತಿ ಕೈಲಿದ್ದ ಸೊಪ್ಪಿನ ಬುಟ್ಟಿ ಅಲ್ಲೇ ಬಿಟ್ಟು ಹುಳದ ಮನೆಗೆ ನಡೆದಳು. ಒಳಗೆ ಸಾವಿರಾರು ಹುಳು ಸೊಪ್ಪು ತಿನ್ನುವ ಸಣ್ಣ ಸದ್ದು. ಅದನ್ನು ಕೇಳಿಸಿಕೊಂಡು ಎಷ್ಟೋ ಹೊತ್ತು ನಿಂತಳು. ಅತ್ತಳು ಅಂತ ಹೇಳಿದರೆ ಅವಳು ಒಪ್ಪುವುದಿಲ್ಲ. ಬ್ಲೀಚಿಂಗ್ ಪೌಡರ್ ಕಣ್ಣಿಗೆ ಹೋಯಿತು ಅನ್ನುತ್ತಾಳೆ.

ಅವನು ಹೋಗುವುದನ್ನು ತಡೆಯಲು ತನ್ನ ಕೈಲಿ ಆಗದಿರಬಹುದು, ಆದರೆ ಇರುವಷ್ಟು ದಿನ ಆ ಹೆಂಗಸು ಈ ಗೇಟು ದಾಟಬಾರದು. ಹೀಗೆ ತೀರ್ಮಾನಿಸಿ ಜ್ಯೋತಿ ಮೊಬೈಲಿನಲ್ಲಿ ವಿಡಿಯೋ ನೋಡಲು ಶುರು ಮಾಡಿದಳು. ಸ್ಕ್ರೀನ್ ಆಫ್ ಆಗದ ಹಾಗೆ ಮಾಡುವುದು ಹೇಗೆ? ಸ್ಲೀಪ್ ಅಂದರೇನು, ಸ್ಕ್ರೀನ್ ಸೇವರ್ ಅಂದರೇನು? ಹಿಂದಿಯವರ ವಿಡಿಯೋ, ತೆಲುಗಿನವರ ವಿಡಿಯೋ, ಎಲ್ಲ ನೋಡಿದಳು. ಉದಯ ಊಟಕ್ಕೆ ಹೋದಾಗ ಬಂದು ಕೂತು ಸ್ಲೀಪ್ 'ನೆವರ್' ಮಾಡಿದಳು. ಮಾನಿಟರಿನ ಕೆಳಗಿನ ಬಟನ್ ಒತ್ತಿ ಇಕೋ ಮೋಡ್ ಅನ್ನೂ ಆಫ್ ಮಾಡಿದಳು. ಸ್ಕ್ರೀನ್ ಝಗಝಗ ಅಂತು. ಈಗ ಬರಲಿ ನೋಡೋಣ ಸ್ಕೂಟಿ, ಅಂತ ಬೀಗಿದಳು.

ಆ ವಾರ ಹುಳು ಎರಡನೇ ಜ್ವರಕ್ಕೆ ಕೂತವು. ಮೇವು ಹಾಕುವಂತಿಲ್ಲ, ಮುಟ್ಟುವಂತಿಲ್ಲ, ಹುಳದ ಮನೆಯಲ್ಲಿ ಕೆಲಸವಿಲ್ಲ. ಬೆಳಿಗ್ಗೆ ಜ್ಯೋತಿ ಆಫೀಸಿನ ಬಾಗಿಲು ತೆಗೆದು ನೋಡಿದರೆ ಬಟ್ಟಲಿನ ನೀರಿಗೆ ಧೂಳು ಕಟ್ಟಿತ್ತು. ಬಿಡು, ಹೋಗುವವನಿಗೆ ಏನು ಉಪಚಾರ, ಕಚ್ಚಿಸಿಕೊಳ್ಳಲಿ, ಅಂದುಕೊಂಡಳು. ಬಾಗಿಲವರೆಗೆ ಹೋದಳು, ವಾಪಸ್ ಬಂದಳು. ಇನ್ನೆಷ್ಟು ದಿನ ಇರುತ್ತಾನೆ, ಅಷ್ಟು ದಿನವಾದರೂ ಅವನ ಬೆರಳು ಊದದಿರಲಿ. ಸಿಟ್ಟಿನಲ್ಲೇ ಟೇಬಲ್ ಎತ್ತಿ ನೀರು ಬದಲಾಯಿಸಿದಳು. ತಾನು ಮಾಡಿದ ರಿಪೇರಿ ಇನ್ನೊಮ್ಮೆ ನೋಡುವ ಆಸೆಗೆ ಸ್ವಿಚ್ ಹಾಕಿದಳು.

ನೋ ಸಿಗ್ನಲ್. ಪವರ್ ಸೇವಿಂಗ್ ಮೋಡ್. ಕತ್ತಲು.

ತನ್ನ ಕೈಯಾರೆ ಕೆಡಿಸಿಬಿಟ್ಟೆ ಅಂತ ಗಾಬರಿಯಾಗಿ ಜ್ಯೋತಿ ಸ್ವಿಚ್ ಆರಿಸಿ ಮತ್ತೆ ಹಾಕಿ ನೋಡಿದಳು, ಬರಲಿಲ್ಲ. ಉದಯ ಬಂದು ನೋಡಿ ನಿಟ್ಟುಸಿರಿಟ್ಟ. "ಇವತ್ತು ರೈತರು ಬೇರೆ ಬರ್ತಾರೆ," ಅಂತ ಜೇಬಿನಿಂದ ಫೋನ್ ತೆಗೆದ. ಯಾರಿಗೆ ಅಂತ ಬೇರೆ ಹೇಳಬೇಕೇ?

ಹರಿತಾ ಬಂದವಳೇ ಸೆಟ್ಟಿಂಗಿನ ಗೋಜಿಗೆ ಹೋಗಲಿಲ್ಲ. "ಮೂರನೇ ಸಲ ಅಂದ್ರೆ ನನ್ನ ಮರ್ಯಾದೆ ಪ್ರಶ್ನೆ ಕಣೋ ಇದು," ಅಂದು ಟೇಬಲ್ಲಿನ ಹಿಂದೆ ತೂರಿದಳು. ಮುಂದೆ ಪ್ಲೈವುಡ್ ಅಡ್ಡ ಇದ್ದದ್ದರಿಂದ ಇಷ್ಟು ದಿನ ಮೇಲಿನಿಂದಲೇ ವೈರು ಬಿಚ್ಚಿ ಸಿಕ್ಕಿಸಿದ್ದಳೇ ಹೊರತು ಕೆಳಗೆ ಇಣುಕಿರಲಿಲ್ಲ. ಜ್ಯೋತಿ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದಳು. ಅಜ್ಜಿ ಗೋಡೆಗೆ ಒರಗಿ ಎಲೆ ಅಡಿಕೆ ಕುಟ್ಟುತ್ತಿತ್ತು.

"ಲೋ ಉದಯ್, ಇದೇನೋ ಇದು? ಕರೆಂಟ್ ಬೋರ್ಡ್ ಪಕ್ಕ ನೀರು!"

"ಇರುವೆಗೆ. ಅಜ್ಜಿ ಇಡ್ತಾರೆ."

"ನೀರು ಬದಲಾಯ್ಸುವಾಗ ಟೇಬಲ್ ಎತ್ತುತಾರಾ? ನೋಡಿಲ್ಲಿ. ಮಾನಿಟರ್ ಟೇಬಲ್ ಮೇಲೆ, ಸಿಪಿಯು ಸ್ಟೂಲ್ ಮೇಲೆ. ಕೇಬಲ್ ಗಿಡ್ಡ. ಟೇಬಲ್ ಎತ್ತಿದಾಗಲೆಲ್ಲ ಜಗ್ಗಿ, ಕೇಬಲ್ ಅರ್ಧ ಹೊರಗೆ ಬರುತ್ತೆ. ಸಿಗ್ನಲ್ ಬರ್ದಿದ್ರೆ ಮಾನಿಟರ್ ಪಾಪ ಏನ್ ಮಾಡುತ್ತೆ, ಪವರ್ ಸೇವಿಂಗಿಗೆ ಹೋಗುತ್ತೆ. ನಾನು ಪ್ರತಿ ಸಲ ಬಿಚ್ಚಿ ಸರಿಯಾಗಿ ಸಿಕ್ಕಿಸ್ತಿದ್ದೆ, ಬರ್ತಿತ್ತು. ಸೆಟ್ಟಿಂಗ್ ಸರಿ ಮಾಡಿದ್ದಕ್ಕೆ ಬಂತು ಅಂದ್ಕೊಂಡಿದ್ದೆ, ದಡ್ಡಿ!"

ಉದಯ ಅಜ್ಜಿಯ ಕಡೆ ತಿರುಗಿದ. ಅಜ್ಜಿ ಕುಟ್ಟುವುದು ನಿಲ್ಲಿಸಿತು.

"ನನ್ನ ಯಾಕೆ ನೋಡ್ತೀಯಪ್ಪಾ? ನನ್ನ ಸೊಂಟದಲ್ಲಿ ನಾನೇ ಏಳಕ್ಕಾಗಲ್ಲ, ಟೇಬಲ್ ಎತ್ತುತೀನಾ? ಏಮ್ಮಾ ಜ್ಯೋತಿ, ಆಗಾಗ ಬೆಳಗ್ಗೆ ಬಂದು ಇಲ್ಲಿ ಗುದ್ದಾಡ್ತೀಯಲ್ಲ, ನೀನೇ ಹೇಳಮ್ಮಾ."

ಜ್ಯೋತಿಗೆ ಕಿವಿಯವರೆಗೆ ಬಿಸಿ ಏರಿತು. ಅಯ್ಯೋ ದೇವರೇ, ಈ ಹೆಂಗಸನ್ನು ಸಲ ಸಲಕ್ಕೂ ಕರೆಸಿಕೊಂಡವಳು ನಾನೇನಾ?

ಹರಿತಾ ಟೇಬಲ್ ಹಿಂದಿನಿಂದ ತಲೆ ಎತ್ತಿ, ಇವಳನ್ನೂ ಅವನನ್ನೂ ನೋಡಿ ತುಟಿ ಕಚ್ಚಿ ನಗು ತಡೆದಳು. ಆ ನಗುವಿಗೆ ಜ್ಯೋತಿಯ ತಾಳ್ಮೆ ಹರಿದುಹೋಯಿತು.

"ಹೌದು, ನಾನೇ ಇಟ್ಟಿದ್ದು. ಏನಿವಾಗ? ಅವರ ಕೈ ಊದ್ಕೊಂಡಿದ್ದು ನೋಡಕ್ಕಾಗ್ಲಿಲ್ಲ, ಇಟ್ಟೆ. ಇನ್ಮೇಲೆ ನೀವಿದೀರಲ್ಲ, ನಿಮ್ಮ ಅಂಗಡೀಲಿ ನೀವೇ ನೋಡ್ಕೊಳ್ಳಿ!" ಅಂದವಳೇ ಅಂಗಳ ದಾಟಿ ಸೊಪ್ಪಿನ ರೂಮಿಗೆ ಹೋಗಿ, ಹುಳು ಮೇವು ತಿನ್ನದ ದಿನ ಅನ್ನುವುದನ್ನೂ ಮರೆತು ಸೊಪ್ಪು ಹೆಚ್ಚಲು ಕೂತಳು.

ಬಾಗಿಲಿಗೆ ನೆರಳು ಬಿತ್ತು.

"ಮೇಡಂ..."

"ಆ ಮೇಡಂ ತಗೊಂಡೋಗಿ ಚಿಂತಾಮಣೀಲಿ ಇಟ್ಕೊಳ್ಳಿ. ಅವಳಿಗೆ ನೀನು, ಬಾ, ಹೋಗು. ನನಗೆ ಮೇಡಂ!"

"ನಾವು ಒಂದೇ ಬೆಂಚಲ್ಲಿ ಓದಿದೋರು. ಅವಳನ್ನ ನೀವು ಅಂದ್ರೆ ಚಪ್ಪಲಿ ತಗೋತಾಳೆ." ಉದಯ ಮೆಲ್ಲಗೆ ನಕ್ಕ. "ನಿಮ್ಮನ್ನೂ ಮನಸಲ್ಲಿ ನೀನು ಅಂತಾನೇ ಕರೆಯೋದು. ಬಾಯಿಗೆ ಬರಲ್ಲ ಅಷ್ಟೇ."

ಕತ್ತಿ ನಿಂತಿತು. ಜ್ಯೋತಿ ತಲೆ ಎತ್ತಲಿಲ್ಲ.

"ಮತ್ತೆ ಯಾಕೆ ಹೋಗ್ತಿದೀರಾ?"

"ನಿಮ್ಮಪ್ಪನ್ನ ಒಂದು ಮಾತು ಕೇಳ್ಬೇಕು. ಅವರ ಹತ್ರ ಸಂಬಳಕ್ಕಿದ್ಕೊಂಡು, ಅವರು ಬಂದಾಗ ಎದ್ದು ನಿಂತ್ಕೊಂಡು, ಅದನ್ನ ಕೇಳೋಕೆ ನನಗಾಗಲ್ಲ. ನಂದು ಅಂತ ಒಂದು ಕೆಲ್ಸ ಇದ್ರೆ, ನಮ್ಮಮ್ಮನ್ನ ಕರ್ಕೊಂಡು ಬಂದು ಕೂತು ಕೇಳಬಹುದು."

"ಏನ್ ಮಾತು?"

ಏನು ಮಾತು ಅಂತ ಅವಳಿಗೆ ಗೊತ್ತಾಗಿತ್ತು. ಆದರೂ ಅವನ ಬಾಯಲ್ಲೇ ಬರಲಿ ಅನ್ನುವ ಹಟ.

"ಇವಾಗ್ಲೇ ಹೇಳ್ಬೇಕಾ?"

"ಇವಾಗ್ಲೇ."

"ನಿಮ್ಮನ್ನ ನನಗೆ ಕೊಡಿ ಅಂತ." ಅವನು ಈ ಸಲ ಕಣ್ಣು ಇಳಿಸಲಿಲ್ಲ. "ಇಷ್ಟ ಇದ್ರೆ ಹೇಳಿ. ಇಲ್ಲಾಂದ್ರೂ ಹೇಳಿ, ಬೇಜಾರಿಲ್ಲ... ಇಲ್ಲ, ಸುಳ್ಳು, ಬೇಜಾರಾಗುತ್ತೆ."

ಇಷ್ಟು ದಿನ ಒಂದು ನೋಟಕ್ಕಾಗಿ ಥರ್ಮಾಮೀಟರ್ ಹುಡುಕಿದವಳಿಗೆ ಇಷ್ಟೊಂದು ಹೊತ್ತಿನ ನೋಟ ಒಮ್ಮೆಲೇ ಸಿಕ್ಕಿತು. ಜ್ಯೋತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟ ಅಂತ ಹೇಳಲು ಬಾಯಿ ತೆರೆದಳು. ಬಂದದ್ದು ಬೇರೆಯೇ ಮಾತು.

"ಇದು ಹರಿತಾಗೆ ಗೊತ್ತಾ?"

"ಗೊತ್ತು. ಅವಳು ಬಂದ ಮೊದಲನೇ ದಿನಾನೇ ಹೇಳಿದ್ದೆ."

"ಮೊದಲನೇ ದಿನಾನೇ! ನನಗಿಂತ ಮೊದ್ಲು ಅವಳಿಗೆ ಹೇಳಿದ್ರಾ? ಆವತ್ತು ಅಷ್ಟು ಕಿಸಿತಿದ್ರಲ್ಲ, ಏನ್ ವಿಷಯಕ್ಕೆ?"

"ನಿಮ್ಮ ವಿಷಯಕ್ಕೇನೇ. ಬಂದವಳನ್ನ ನಲ್ಲಿ ಕೆಳಗೆ ನಿಲ್ಸಿ ಸೋಪ್ ಹಾಕಿ ತೊಳೆಸಿದ್ರಲ್ಲ. 'ಇವಳೇನೋ ಅವಳು? ಹೆಂಗೋ ಬಾಳ್ತೀಯಾ ಇವಳ ಜೊತೆ?' ಅಂತ ಕೇಳಿದ್ಳು."

"ಅದಕ್ಕೆ ನೀವೇನಂದ್ರಿ?"

"ಸೋಪ್ ಹಾಕ್ಕೊಂಡು ಬಾಳ್ತೀನಿ ಅಂದೆ."

ಜ್ಯೋತಿಗೆ ತಡೆಯಲಾಗಲಿಲ್ಲ, ಫಕ್ಕನೆ ನಕ್ಕುಬಿಟ್ಟಳು. ನಗುತ್ತ ನಗುತ್ತಲೇ ಕಣ್ಣು ತುಂಬಿ, "ಇಷ್ಟ ಕಣ್ರೀ," ಅಂದಳು. "ಎಷ್ಟೊಂದು ದಿನದಿಂದ ಇಷ್ಟ." ಸೊಪ್ಪಿನ ಹಸಿರು ಹತ್ತಿದ ಕೈಯನ್ನು ಅವನು ಹಿಡಿದುಕೊಂಡ. ಆ ಹಸಿರು ಅವನ ಅಂಗೈಗೂ ಅಂಟಿತು.

ಇಬ್ಬರೂ ಆಫೀಸಿಗೆ ಬಂದಾಗ ಹರಿತಾ ಸಿಪಿಯುವನ್ನು ಟೇಬಲ್ಲಿನ ಮೇಲೆಯೇ ಮಾನಿಟರಿನ ಪಕ್ಕ ಇಟ್ಟು, ಕೇಬಲ್ ಸಡಿಲ ಬಿಟ್ಟು ಸಿಕ್ಕಿಸಿ ಮುಗಿಸಿದ್ದಳು. ಸ್ಕ್ರೀನ್ ಬೆಳಗುತ್ತಿತ್ತು. ಇವರ ಮುಖ ನೋಡಿ ಅವಳಿಗೆ ಎಲ್ಲ ಅರ್ಥವಾಯಿತು.

"ನೋಡಿ ಜ್ಯೋತಿ," ಅಂದಳು, ಈ ಸಲ ತಮಾಷೆ ಬಿಟ್ಟು. "ಇವನು ನನ್ನ ಅಂಗಡಿಗೆ ಬಂದ್ರೆ ಬೆಳಗ್ಗೆಯಿಂದ ಸಾಯಂಕಾಲದವರೆಗೂ ನನ್ನ ಜೊತೆಗೇ ಇರ್ಬೇಕು. ನಿಮಗೆ ಅದು ಕಷ್ಟ ಆಗುತ್ತೆ ಅಂದ್ರೆ ಬೇಡ. ನಾನು ಬೇರೆ ಯಾರನ್ನಾದ್ರೂ ಹುಡುಕ್ತೀನಿ, ಇವನು ಇಲ್ಲೇ ಇರ್ಲಿ. ನೀವೇ ಒಂದು ಮಾತು ಹೇಳಿ."

ಉದಯ ಏನೋ ಹೇಳಲು ಹೋದ. ಹರಿತಾ ಕೈಯಲ್ಲೇ ಸುಮ್ಮನಿರಿಸಿದಳು.

ಒಂದು ಮಾತು ಸಾಕಿತ್ತು. ಇಲ್ಲೇ ಇರಿ ಅಂದರೆ ಅವನು ಇರುತ್ತಿದ್ದ, ಅದು ಜ್ಯೋತಿಗೆ ಗೊತ್ತಿತ್ತು. ದಿನಾ ಆ ಕಿಟಕಿಯ ಆಚೆ, ಕೂಗಿದರೆ ಕೇಳುವಷ್ಟು ಹತ್ತಿರ. ಅಪ್ಪ ಬಂದಾಗ ಎದ್ದು ನಿಲ್ಲುತ್ತ, ಕೇಳಬೇಕಾದ ಮಾತು ನುಂಗಿಕೊಳ್ಳುತ್ತ, ವರ್ಷದ ಮೇಲೆ ವರ್ಷ. ಆ ಅಂಗಡಿಯಲ್ಲೋ, ಹರಿತಾಳ ಈ ನಗು ಇರುತ್ತದೆ, ಈ ಘಮ ಇರುತ್ತದೆ, ಮಧ್ಯಾಹ್ನ ಒಂದೇ ಡಬ್ಬಿಯಿಂದ ಉಪ್ಪಿನಕಾಯಿ ಹಂಚಿಕೊಂಡು ತಿನ್ನುತ್ತಾರೆ. ನೆನೆಸಿಕೊಂಡರೆ ಸಾಕು, ಮೈಯೆಲ್ಲ ಉರಿ ಎದ್ದಿತು.

"ಬೇರೆ ಯಾರೂ ಬೇಡ. ಇವರನ್ನೇ ಕರ್ಕೊಂಡೋಗಿ," ಅಂದಳು.

"ಹೊಟ್ಟೆ ಉರಿಯಲ್ವಾ?"

"ಉರಿಯುತ್ತೆ. ಇವಾಗ್ಲೂ ಉರೀತಿದೆ. ಆದ್ರೂ ಕರ್ಕೊಂಡೋಗಿ. ನಮ್ಮಪ್ಪನ ಎದುರಿಗೆ ಕುರ್ಚಿ ಎಳ್ಕೊಂಡು ಕೂತು ಮಾತಾಡೋ ಹಂಗೆ ಮಾಡಿ ಕಳ್ಸಿ."

ಉದಯನ ಕಣ್ಣು ತುಂಬಿ ಬಂತು. ಜ್ಯೋತಿ ಅವನ ಕಡೆ ನೋಡಲಿಲ್ಲ, ನೋಡಿದರೆ ಮಾತು ಬದಲಾಯಿಸಿಬಿಡುತ್ತೇನೆ ಅಂತ ಅವಳಿಗೆ ಹೆದರಿಕೆ. ನೇರ ಹೋಗಿ ಹರಿತಾಳ ಎರಡೂ ಕೈ ಹಿಡಿದುಕೊಂಡಳು.

"ಜಾಸ್ತಿ ದಿನ ಮಾತ್ರ ಇಟ್ಕೋಬೇಡಿ ಅಕ್ಕಾ," ಅಂದಳು.